ಬಾಲ್ಕನಿಯಲ್ಲಿ ಒಂದು ಬಟ್ಟೆತೊಟ್ಟಿ

ಇನ್ನು ಮುಂದೆ ನಮ್ಮ ಜೊತೆ ಇರುವುದಿಲ್ಲ ಎಂದು ಅಪ್ಪ ಹೇಳಿದ್ದು ಒಂದು ಮಂಗಳವಾರ ಸಂಜೆ, ಅಮ್ಮ ಒಣಗಿದ ಬಟ್ಟೆ ಮಡಚುತ್ತ ಕೂತಿದ್ದಾಗ.

"ಬರೋ ತಿಂಗಳ ಕೊನೆಗೆ ಅಣ್ಣನ ಊರಿಗೆ ಹೋಗ್ತೀನಿ. ಅವನ ಮನೇಲಿ ಒಂದು ರೂಮು ಖಾಲಿ ಇದೆಯಂತೆ."

"ಎಷ್ಟು ದಿನಕ್ಕೆ?" ಎಂದಳು ಅಮ್ಮ.

"ದಿನ ಏನಿಲ್ಲ. ಅಲ್ಲೇ ಇದ್ದುಬಿಡ್ತೀನಿ."

ಅಮ್ಮ ಕೈಯಲ್ಲಿದ್ದ ಟವೆಲನ್ನು ಮಡಚಿದಳು. ಬಿಡಿಸಿದಳು. ಮತ್ತೆ ಮಡಚಿದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ನಾನೂರು ಹೊದಿಕೆ ಮಡಚುವವಳು ಅವಳು. ಒಂದು ಟವೆಲ್ ಅವಳಿಗೆ ಕೈಕೊಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಹೋಗಿ. ಯಾರು ಬೇಡ ಅಂದ್ರು? ಮೂವತ್ತು ವರ್ಷ ನಿಮ್ಮ ಗೊರಕೆ ಕೇಳಿದ್ದೀನಿ, ಇನ್ನು ನಿಮ್ಮಣ್ಣ ಕೇಳ್ಲಿ" ಎಂದು ಅಮ್ಮ ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿತು. ತುಂಬ ಹೊತ್ತು ಕೇಳುತ್ತಲೇ ಇತ್ತು.

ನಾನು ಏನೂ ಹೇಳಲಿಲ್ಲ. ನನಗೆ ಮಾತು ಬರುವುದಿಲ್ಲವೆಂದಲ್ಲ, ತಡವಾಗಿ ಬರುತ್ತದೆ. ಬರುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಾರೆ. ಅದಕ್ಕೇ ಡೈರಿ ಬರೆಯುವುದು. ಅಂದು ಬರೆದದ್ದು ಒಂದೇ ಸಾಲು: 'ಅಪ್ಪ ಹೋಗಬಾರದು.'

ಅಪ್ಪ ವಾಚ್ ರಿಪೇರಿಯವನು. ಮಾರ್ಕೆಟ್ ಕಟ್ಟಡದ ಮೆಟ್ಟಿಲ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಂತೇ ಇರಬೇಕಾದಷ್ಟು ಜಾಗದಲ್ಲಿ ಮೂವತ್ನಾಲ್ಕು ವರ್ಷ ಕೂತವನು. ಬೀದಿಗೆಲ್ಲ ಅವನು ವಾಚಣ್ಣ. ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಚಿಮಟದ ತುದಿಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು ತಿರುಗಿಸುತ್ತಿದ್ದ ಆ ಬಲಗೈ ಹೋದ ವರ್ಷದಿಂದ ನಡುಗತೊಡಗಿತು. ಸುಮ್ಮನೆ ತೊಡೆಯ ಮೇಲಿದ್ದರೆ ಏನೂ ಇಲ್ಲ. ಏನನ್ನಾದರೂ ಹಿಡಿಯಹೋದರೆ ಶುರು. ಪ್ರಾಣಕ್ಕೇನೂ ಅಪಾಯವಿಲ್ಲ, ಆದರೆ ಹೋಗುವುದೂ ಇಲ್ಲ ಎಂದರು ಡಾಕ್ಟರು. ಒಂದು ದಿನ ಯಾರದೋ ಹಳೆಯ ವಾಚಿನೊಳಗೆ ಚಿಮಟ ಜಾರಿ, ಕೂದಲೆಳೆಯಂಥ ಸ್ಪ್ರಿಂಗು ಬಾಗಿಹೋಯಿತು. ಅಪ್ಪ ಅಂದೇ ಷಟರ್ ಎಳೆದು ಬಂದ. ಆಮೇಲೆ ಬೀದಿಗೆ ಇಳಿದರೆ ಸಾಕು, "ವಾಚಣ್ಣ, ಯಾವಾಗ ಅಂಗಡಿ ತೆಗೆಯೋದು?" ಎನ್ನುವವರೇ. ಅದಕ್ಕೆ ಬೀದಿಗೆ ಇಳಿಯುವುದನ್ನೇ ಬಿಟ್ಟ. ಯಾರಾದರೂ ಮನೆಗೆ ಬಂದರೆ ಬಲಗೈಯನ್ನು ಸ್ವೆಟರಿನ ಜೇಬಿಗೆ ಸೇರಿಸುತ್ತಿದ್ದ. ನಾವೂ ಒಳ್ಳೆಯವರಾಗಲು ಹೋಗಿ, 'ನಡುಕ' ಎಂಬ ಮಾತನ್ನೇ ಮನೆಯಿಂದ ಹೊರಗಿಟ್ಟಿದ್ದೆವು. ಅಮ್ಮ ಅವನ ಟೀಯನ್ನು ಅರ್ಧ ಲೋಟಕ್ಕಷ್ಟೇ ಹಾಕಿ, ಇನ್ನರ್ಧವನ್ನು ಆಮೇಲೆ ತಂದುಕೊಡುತ್ತಿದ್ದಳು. ಯಾಕೆಂದು ಅವಳು ಹೇಳಿದವಳಲ್ಲ, ಅವನು ಕೇಳಿದವನಲ್ಲ.

ದೊಡ್ಡಪ್ಪನ ಊರಿನಲ್ಲಿ ಅವನು ವಾಚಣ್ಣನಲ್ಲ. ಅಲ್ಲಿ ಯಾರೂ ಯಾವ ಅಂಗಡಿಯನ್ನೂ ಕೇಳುವುದಿಲ್ಲ. ಇಷ್ಟೇ ಅವನ ಲೆಕ್ಕಾಚಾರ ಎಂದು ನನಗೆ ಗೊತ್ತಿತ್ತು.

ಅಪ್ಪನನ್ನು ಉಳಿಸಿಕೊಳ್ಳುವ ಉಪಾಯವಾಗಿ ನಾನು ತೋಟ ಶುರುಮಾಡಿದೆ ಎಂದು ಬರೆದರೆ ಅದು ಸುಳ್ಳು. ಅವನಿದ್ದ ಕೋಣೆಯಲ್ಲಿ ಸುಮ್ಮನೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ, ಅಷ್ಟೆ. ಡಿಗ್ರಿ ಮುಗಿದು ಒಂದು ವರ್ಷವಾಗಿತ್ತು. ಬೆಳಿಗ್ಗೆ ಒಬ್ಬ ವಕೀಲರ ಆಫೀಸಿನಲ್ಲಿ ಪತ್ರಗಳನ್ನು ಟೈಪ್ ಮಾಡಿ ಎರಡೂವರೆಗೆಲ್ಲ ಮನೆಗೆ ಬಂದುಬಿಡುತ್ತಿದ್ದೆ. ಆಮೇಲೆ ಸಂಜೆಯ ತನಕ ಮನೆಯಲ್ಲಿ ನಾವಿಬ್ಬರೇ, ಇಬ್ಬರೂ ಮಾತಿಲ್ಲದವರು. ಹಾಗಾಗಿ ನಾನು ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಹೋಗಿ ನಿಲ್ಲತೊಡಗಿದೆ. ಮೂರನೇ ಮಹಡಿ, ನಾಲ್ಕು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ. ಒಂದು ಬಟ್ಟೆ ತಂತಿ, ಒಂದು ಖಾಲಿ ಸಿಲಿಂಡರ್, ಬಣ್ಣದ ಹಳೆಯ ಡಬ್ಬಗಳು. ಬೆಳಗಿನ ಬಿಸಿಲು ಮಾತ್ರ ಧಾರಾಳ.

ಕೆಳಗೆ ನೆಲಮಹಡಿಯಲ್ಲಿ ಮನೆಯ ಒಡತಿ ಅಜ್ಜಿ ಇದ್ದರು. ಇಡೀ ಬೀದಿಯ ಸುದ್ದಿ ಅವರ ಹತ್ತಿರ ಇರುತ್ತಿದ್ದುದರಿಂದ ಅಮ್ಮ ಅವರಿಗೆ ರೇಡಿಯೋ ಅಜ್ಜಿ ಎಂದು ಹೆಸರಿಟ್ಟಿದ್ದಳು. ಅದು ಅಜ್ಜಿಗೂ ಗೊತ್ತಿತ್ತು. ಅವರ ಹಿತ್ತಲಲ್ಲಿ ಒಂದು ಪಟ್ಟಿ ಮಣ್ಣು, ಅದರ ತುಂಬ ಗಿಡ. ಒಂದು ಶನಿವಾರ ಅವರೇ ತಲೆಯೆತ್ತಿ ಕೂಗಿದರು.

"ಏ ಮೌನಗೌರಿ! ದಿನಾ ನಿಂತು ಏನು ನೋಡ್ತೀಯೇ? ನನ್ನ ಗಿಡಕ್ಕೆ ದೃಷ್ಟಿ ಆಗುತ್ತೆ. ಬಾ ಕೆಳಗೆ, ಬೀಜ ಕೊಡ್ತೀನಿ. ನಿನ್ನದೇ ಗಿಡ ನೋಡ್ಕೋ."

ಹನ್ನೆರಡು ಬೀನ್ಸ್ ಬೀಜ ಕೊಟ್ಟರು. ಚೀಲದಲ್ಲಿ ಮಣ್ಣು ತುಂಬಿಕೊಟ್ಟರು. ಮೂರು ಮಹಡಿ ಹೊತ್ತು ತರುವಾಗ ಚೀಲದ ತೂತಿನಿಂದ ಮಣ್ಣು ಸುರಿದು, ಮೆಟ್ಟಿಲುದ್ದಕ್ಕೂ ನಾನು ಬಂದ ದಾರಿ ಬರೆದಿತ್ತು. ಗುಡಿಸುತ್ತ ಮತ್ತೆ ಕೆಳಗಿಳಿದೆ. ಆರು ಬಣ್ಣದ ಡಬ್ಬಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು, ಒಂದೊಂದಕ್ಕೆ ಎರಡು ಬೀಜ, ಬೆರಳ ಗೆಣ್ಣಿನಷ್ಟು ಆಳಕ್ಕೆ. ಡೈರಿಯಲ್ಲಿ ಡಬ್ಬಗಳ ಚಿತ್ರ ಬರೆದು ನಂಬರು ಕೊಟ್ಟೆ. ಅಪ್ಪ ಬಾಗಿಲ ಬಳಿ ಬಂದು ನಿಂತು ನೋಡಿದ. "ನೀಲಿ ಡಬ್ಬಕ್ಕೆ ತೂತು ಸಾಲದು" ಎಂದಷ್ಟೇ ಹೇಳಿ ಹೋದ. ಆ ವಾರ ಅವನು ನನ್ನೊಡನೆ ಆಡಿದ ಉದ್ದನೆಯ ಮಾತು ಅದೇ.

ಪ್ರಾರ್ಥನೆ ಎಂಬುದು ನನಗೆ ಯಾವತ್ತೂ ಸರಿಯಾಗಿ ಒಗ್ಗಿದ್ದಲ್ಲ. ಕೈ ಮುಗಿದು ನಿಂತರೂ ಏನು ಹೇಳಬೇಕೆಂದು ತೋಚದೆ, ಪರೀಕ್ಷೆಯ ಹಾಲ್‌ನಲ್ಲಿ ನಿಂತ ಹಾಗಾಗುತ್ತಿತ್ತು. ಆದರೆ ಆ ಡಬ್ಬಗಳಿಗೆ ಬೆಳಿಗ್ಗೆ ನೀರು ಹನಿಸುವಾಗ ಮಾತು ತಾನಾಗಿ ಬರುತ್ತಿತ್ತು. ಮಣ್ಣು ಒದ್ದೆಯಾಗುತ್ತ ಕಪ್ಪಗಾಗುವುದನ್ನು ನೋಡುತ್ತ, ಬಿಸಿಲಿಗೆ, ನೀರಿಗೆ, ಚೀಲ ತುಂಬಿಕೊಟ್ಟ ಅಜ್ಜಿಗೆ, ಬೆಳಿಗ್ಗೆ ಐದಕ್ಕೇ ಎದ್ದು ಬಸ್ಸು ಹಿಡಿಯುವ ಅಮ್ಮನಿಗೆ ಒಂದೊಂದು ಕೃತಜ್ಞತೆ ಹೇಳುವುದು ರೂಢಿಯಾಯಿತು. ಇನ್ನೂ ಒಂದೂ ಎಲೆ ಬಂದಿರಲಿಲ್ಲ. ಏನೂ ಬರುವ ಮೊದಲೇ ಕೃತಜ್ಞತೆ ಹೇಳಬಹುದು ಎಂಬುದೇ ನನಗೆ ಹೊಸದು.

ಆದರೂ ಮನುಷ್ಯಳಲ್ಲವೇ? ಏಳನೇ ದಿನ ಏನೂ ಇಲ್ಲ. ಎಂಟು, ಒಂಬತ್ತು, ಏನೂ ಇಲ್ಲ.

"ನನ್ನವು ಆರನೇ ದಿನಕ್ಕೇ ತಲೆ ಎತ್ತಿದ್ವಲ್ಲೇ" ಎಂದರು ಅಜ್ಜಿ. "ಅದೇ ಬೀಜ, ಅದೇ ಮಣ್ಣು. ನೀನು ಮಾತಾಡಿಸಲ್ಲ, ಅದಕ್ಕೇ ಅವೂ ಒಳಗೇ ಕೂತಿವೆ."

ತಮಾಷೆಗೆ ಅಂದದ್ದು. ನನಗೆ ಮಾತ್ರ ಚುರುಕ್ಕೆಂದಿತು. ಬೀನ್ಸ್ ಬೀಜ ಮೊಳೆಯಿಸುವುದನ್ನು ಶಾಲೆಯ ಮಕ್ಕಳು ಒದ್ದೆ ಹತ್ತಿಯಲ್ಲಿ ಮಾಡುತ್ತಾರೆ. ಅಷ್ಟೂ ನನ್ನ ಕೈಯಲ್ಲಾಗಲಿಲ್ಲ. ಊಟದ ಹೊತ್ತಿಗೆ ನನ್ನ ಮುಖ ನೋಡಿ ಅಮ್ಮ, "ಏನೇ, ಡಬ್ಬಗಳು ಫೇಲಾದ್ವಾ? ಸಪ್ಲಿಮೆಂಟರಿ ಬರೆದ್ರಾಯ್ತು ಬಿಡು" ಎಂದಳು. ಅಪ್ಪ ತಟ್ಟೆಯಿಂದ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದ. ಏನೋ ಹೇಳುವವನಂತೆ ಕಂಡ. ಮತ್ತೆ ತಟ್ಟೆಗೆ ಬಗ್ಗಿದ.

ಹನ್ನೊಂದನೇ ದಿನ ವಕೀಲರಿಗೆ ಹಲ್ಲುನೋವು. ಕೆನ್ನೆಗೆ ಕೈ ಹಿಡಿದುಕೊಂಡೇ ಆಫೀಸಿಗೆ ಬೀಗ ಹಾಕಿ, ಕೈಸನ್ನೆಯಲ್ಲೇ ನನ್ನನ್ನು ಮನೆಗೆ ಕಳಿಸಿದರು. ನಾನು ಬಂದಾಗ ಹನ್ನೆರಡು ಗಂಟೆಯೂ ಆಗಿರಲಿಲ್ಲ. ಅಪ್ಪ ಕುರ್ಚಿಯಲ್ಲಿರಲಿಲ್ಲ. ಅಡುಗೆಮನೆ ದಾಟಿದೆ.

ಬಾಲ್ಕನಿಯಲ್ಲಿ ಗೋಣಿಚೀಲ ಮಡಚಿ ಹಾಕಿಕೊಂಡು ಅಪ್ಪ ಮಂಡಿಯೂರಿ ಕೂತಿದ್ದ. ಬಲಗಣ್ಣಿಗೆ ಅಂಗಡಿಯ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದ. ಬಲಗೈಯಲ್ಲಿ ಚಿಮಟ. ಆ ಬಲಗೈಯ ಮಣಿಕಟ್ಟನ್ನು ಎಡಗೈ ಗಟ್ಟಿಯಾಗಿ ಹಿಡಿದಿತ್ತು. ನಾಲ್ಕನೇ ಡಬ್ಬದ ಮಣ್ಣನ್ನು ಮೆಲ್ಲಗೆ ಸರಿಸಿ, ನಡುಗುವ ಚಿಮಟದಿಂದ ಬೀಜವೊಂದನ್ನು ಎತ್ತಿ, ಕಣ್ಣಿನ ಹತ್ತಿರ ತಂದು, ತಿರುಗಿಸಿ ನೋಡಿ, ಬಿಳಿಯ ಬಟ್ಟೆಯ ಮೇಲೆ ಇಟ್ಟ. ಪಕ್ಕದಲ್ಲಿ ಒಂದು, ಎರಡು, ಮೂರನೇ ಡಬ್ಬದ ಬೀಜಗಳು ಸಾಲಾಗಿ ಮಲಗಿದ್ದವು, ಬಿಚ್ಚಿಟ್ಟ ವಾಚಿನ ಭಾಗಗಳ ಹಾಗೆ.

"ಯಾಕೋ ನಿಂತುಬಿಟ್ಟಿದ್ದೀಯ?" ಎಂದು ಬೀಜವನ್ನು ಕೇಳುತ್ತಿದ್ದ.

"ಅಪ್ಪ?"

ಬೆಚ್ಚಿಬಿದ್ದ. ಭೂತಗನ್ನಡಿ ಮಡಿಲಿಗೆ ಉದುರಿತು. ಮೊದಲು ಮಾಡಿದ ಕೆಲಸವೆಂದರೆ ಬಲಗೈಯನ್ನು ಜೇಬಿಗೆ ಸೇರಿಸಿದ್ದು, ಚಿಮಟದ ಸಮೇತ.

"ಇಷ್ಟು ಬೇಗ ಬಂದೆ?"

"ಏನ್ ಮಾಡ್ತಿದ್ದೀಯಪ್ಪ?"

"ಏನಿಲ್ಲ. ಒಳಗೆ ಏನಾಗ್ತಿದೆ ಅಂತ ನೋಡ್ತಿದ್ದೆ."

"ದಿನಾನಾ?"

"ಛೇ, ದಿನಾ ಅಲ್ಲ." ಮಡಿಲಿನ ಭೂತಗನ್ನಡಿಯನ್ನು ಎಡಗೈಯಲ್ಲಿ ಎತ್ತಿಕೊಂಡು, "ನೀನು ಹೋದ್ಮೇಲೆ ಒಂದ್ಸಲ, ನೀನು ಬರೋಕೆ ಮುಂಚೆ ಒಂದ್ಸಲ" ಎಂದ.

ನನಗೆ ನಗು ಬಂತು. ತಡೆದುಕೊಳ್ಳಲು ನೋಡಿದೆ, ಆಗಲಿಲ್ಲ. ಹನ್ನೊಂದು ದಿನ, ದಿನಕ್ಕೆ ಎರಡು ಸಲ ಹೊರಗೆಳೆದು, ಭೂತಗನ್ನಡಿಯಲ್ಲಿ ತಪಾಸಣೆ ಮಾಡಿ ಮತ್ತೆ ಹೂಳಿದರೆ ಯಾವ ಬೀಜ ತಾನೇ ಮೊಳೆಯುವ ಧೈರ್ಯ ಮಾಡೀತು!

"ನಿನಗೆ ಬೇಜಾರಾಗಬಾರದು ಅಂತ ಕಣೇ" ಎಂದ ಅಪ್ಪ. "ವಾಚು ನಿಂತ್ರೆ ಹಿಂದಿನ ಮುಚ್ಚಳ ತೆಗೀಬೇಕು. ನನಗೆ ಗೊತ್ತಿರೋದು ಅದೊಂದೇ."

ನಾನು ನಗುತ್ತಲೇ ಅವನ ಪಕ್ಕ ಕೂತೆ. ಅವನು ನಗಲಿಲ್ಲ. ಬಟ್ಟೆಯ ತುದಿಯಲ್ಲಿ ಬೇರೆಯಾಗಿ ಇಟ್ಟಿದ್ದ ಎರಡು ಬೀಜಗಳನ್ನು ತೋರಿಸಿದ.

"ಇವೆರಡಕ್ಕೂ ಬೇರು ಬಂದಿತ್ತು. ಮೊನ್ನೆ. ಬೆಳ್ಳಗೆ ಇಷ್ಟೇ ಇಷ್ಟು. ಎತ್ತೋವಾಗ..." ಜೇಬಿನ ಕಡೆ ನೋಡಿಕೊಂಡ. "ಮುರಿದುಹೋಯ್ತು. ಹಾಗೇ ಮುಚ್ಚಿಟ್ಟುಬಿಟ್ಟೆ. ನಿನಗೆ ಹೇಳೋಕೆ ಮುಖ ಬರ್ಲಿಲ್ಲ."

"ಹೋಗ್ಲಿ ಬಿಡಪ್ಪ, ಎರಡು ಬೀಜ ತಾನೇ?"

"ವಾಚು ಕೆಡಿಸಿದೆ, ಇದನ್ನೂ ಕೆಡಿಸಿದೆ. ತಿಂಗಳ ಕೊನೆ ತನಕ ಯಾಕೆ ಕಾಯ್ಬೇಕು? ಬರೋ ವಾರಾನೇ ಹೋಗ್ತೀನಿ."

ಮಂಡಿ ಹಿಡಿದು ಎದ್ದು ಒಳಗೆ ಹೋದ. ದೊಡ್ಡಪ್ಪನಿಗೆ ಫೋನು ಮಾಡಿದ್ದು ಕೇಳಿಸಿತು. ಬರುವ ವಾರದ ಭಾನುವಾರ, ಬೆಳಗಿನ ರೈಲು. ನನ್ನ ನಗು ಅವನಿಗೆ ಹೇಗೆ ಕೇಳಿಸಿರಬಹುದು ಎಂದು ಆಗ ಹೊಳೆಯಿತು. ಆ ಬೀಜಗಳ ಸಾಲಿನ ಮುಂದೆ ತುಂಬ ಹೊತ್ತು ಕೂತಿದ್ದೆ. ನನ್ನ ಬೇಜಾರನ್ನು ಯಾರೂ ಗಮನಿಸುವುದಿಲ್ಲ ಎಂದುಕೊಂಡಿದ್ದೆ. ಅವನು ಹನ್ನೊಂದು ದಿನದಿಂದ ಮಂಡಿಯೂರಿ ಅದನ್ನೇ ರಿಪೇರಿ ಮಾಡುತ್ತಿದ್ದ. ಅವನು ಮುಟ್ಟಿದ್ದೆಲ್ಲ ಮೂವತ್ನಾಲ್ಕು ವರ್ಷ ಅವನ ಕೈಯಿಂದಲೇ ಓಡಿತ್ತು. ಕೈ ತೆಗೆದರಷ್ಟೇ ಓಡುವ ವಸ್ತು ಅವನಿಗೆ ಸಿಕ್ಕಿರಲೇ ಇಲ್ಲ. ಇದನ್ನು ಅವನಿಗೆ ಹೇಳಬೇಕಿತ್ತು. ಡೈರಿಗೆ ಹೇಳಿದೆ.

ಮರುದಿನ ಅಮ್ಮನಿಗೆ ವಿಷಯ ತಿಳಿಯಿತು. ಅವಳು ಅಪ್ಪನ ಸ್ವೆಟರುಗಳನ್ನು ಒಗೆದು ಹಾಕಿದಳು. ಶನಿವಾರ ಕೆಲಸದಿಂದ ಬರುವಾಗ ಮಾತ್ರ ಬಸ್ಸಿನಲ್ಲಿ ಎಲ್ಲರ ಬೈಗುಳ ತಿನ್ನುತ್ತ ಒಂದು ದೊಡ್ಡ ನೀಲಿ ಪ್ಲಾಸ್ಟಿಕ್ ತೊಟ್ಟಿ ಹೊತ್ತು ತಂದಳು. ಲಾಂಡ್ರಿಯಲ್ಲಿ ಒದ್ದೆ ಬಟ್ಟೆ ಹಾಕುವ ತೊಟ್ಟಿ. ತಳ ಬಿರುಕುಬಿಟ್ಟಿತ್ತು, ಬಿಸಾಡುವುದರಲ್ಲಿತ್ತು.

"ತಗೋ, ತೂತು ಹೊಡೆಯೋ ಕೆಲಸಾನೂ ಇಲ್ಲ" ಎಂದು ನನ್ನ ಮುಂದೆ ಇಟ್ಟಳು. "ಈ ಮನೇಲಿ ಏನಾದ್ರೂ ಒಂದು ಬೆಳೀಲಿ."

ಭಾನುವಾರ ಬೆಳಿಗ್ಗೆ ಅಜ್ಜಿ ತಾವೇ ಮೂರು ಮಹಡಿ ಹತ್ತಿ ಬಂದರು. ಪ್ರತಿ ಮಹಡಿಗೂ ಒಮ್ಮೆ ನಿಂತು ಏದುಸಿರು ಬಿಟ್ಟದ್ದು ನಮಗೆ ಮೇಲಕ್ಕೇ ಕೇಳುತ್ತಿತ್ತು. ಸೆರಗಿನ ತುದಿಯಲ್ಲಿ ಒಂದು ಪೊಟ್ಟಣ.

"ಎಲ್ಲಿ, ನಿನ್ನ ಕಲ್ಲು ಬಿತ್ತಿದ ತೋಟ ತೋರಿಸು" ಎಂದರು. ಬೀನ್ಸ್ ಕಥೆ ಅವರಿಗೆ ಗೊತ್ತಿರಲಿಲ್ಲ; ನಾನು ಹೇಳಿರಲಿಲ್ಲ. ಪೊಟ್ಟಣ ಬಿಚ್ಚಿದರು. ದಂಟಿನ ಸೊಪ್ಪಿನ ಬೀಜ. ಕರ್ರಗೆ, ಹೊಳೆಯುತ್ತ, ಧೂಳಿಗಿಂತ ತುಸು ದಪ್ಪ. "ಇದು ನಾಲ್ಕೇ ದಿನಕ್ಕೆ ಬರುತ್ತೆ. ಆದ್ರೆ ಒಂದು ಮಾತು. ಇದನ್ನ ಹೂಳಬಾರದು, ಚೆಲ್ಲಬೇಕು. ಒಂದೇ ಕಡೆ ಬಿದ್ರೆ ಒಂದನ್ನೊಂದು ತುಳಿದು ಸಾಯ್ತವೆ."

ಬೀಜಕ್ಕೆ ಒಣ ಮರಳು ಬೆರೆಸಿದೆವು. ಮೊದಲು ಬರಿ ಮರಳಿನಲ್ಲಿ ಕೈ ಪಳಗಿಸಿಕೊಳ್ಳಿ ಎಂದರು ಅಜ್ಜಿ. ರಾತ್ರಿಯೇ ಡಬ್ಬಗಳ ಮಣ್ಣು ಸುರಿದಿಟ್ಟಿದ್ದ ತೊಟ್ಟಿಯ ಮೇಲೆ ನಾನು ಹಳೆಯ ಪೇಪರು ಹಾಸಿ ಚೆಲ್ಲಿದೆ. ಅಂಜಿಕೊಂಡು ಬಿಟ್ಟಿದ್ದರಿಂದ ಅಲ್ಲೊಂದು ಗುಡ್ಡೆ, ಇಲ್ಲೊಂದು ಗುಡ್ಡೆ.

"ಸರಿಯೇ, ಮಾತಾಡೋ ಹಾಗೇ ಚೆಲ್ತೀಯ ನೀನು" ಎಂದಳು ಅಮ್ಮ. ತಾನು ಹಿಡಿ ತುಂಬ ತೆಗೆದು ರಪ್ಪನೆ ಬೀಸಿದಳು. ಎಲ್ಲವೂ ಹೋಗಿ ಆ ಮೂಲೆಗೆ ಬಿತ್ತು, ಅರ್ಧ ಹೊರಗೆ.

"ನಿನ್ನದು ಬಿತ್ತೋದಲ್ಲಮ್ಮ, ಜಗಳ" ಎಂದರು ಅಜ್ಜಿ. ಅವರೂ ಒಂದು ಸಲ ಚೆಲ್ಲಿ ನೋಡಿದರು. "ನನ್ನ ಕೈಗೆ ಮೊದಲು ಬರ್ತಿತ್ತು. ಈಗ ಬೆರಳು ಮಡಚಿಕೊಂಡು ಬಿಟ್ಟಿವೆ. ಜರಡಿ ಆಡಿಸೋ ಹಾಗೆ ಕೈ ಅಲುಗ್ತಾನೇ ಇರಬೇಕು, ಸಣ್ಣಗೆ, ನಿಲ್ಲದೆ. ಬೇಕಂತ ಮಾಡಿದ್ರೆ ಬರಲ್ಲ ಅದು."

ನಾನು ತಲೆ ಎತ್ತಿದೆ. ಅಡುಗೆಮನೆಯ ಬಾಗಿಲಲ್ಲಿ ಅಪ್ಪ ನಿಂತಿದ್ದ. ಒಳಗೂ ಇಲ್ಲದೆ ಹೊರಗೂ ಇಲ್ಲದೆ, ಬಾಗಿಲ ಪರದೆಯ ಅಂಚನ್ನು ಬಲಗೈಯಲ್ಲಿ ಹಿಡಿದುಕೊಂಡು ನೋಡುತ್ತಿದ್ದ. ಗಾಳಿ ಇರಲಿಲ್ಲ. ಪರದೆ ಮೇಲಿನಿಂದ ಕೆಳಗಿನ ತನಕ ಸಣ್ಣಗೆ, ನಿಲ್ಲದೆ ಅಲುಗುತ್ತಿತ್ತು.

ಆ ಮಾತು ಆಡಿದರೆ ಏನಾಗುತ್ತದೋ ಗೊತ್ತಿಲ್ಲ. ಆಡದಿದ್ದರೆ ಬರುವ ಭಾನುವಾರ ಇಷ್ಟು ಹೊತ್ತಿಗೆ ರೈಲು ಹೊರಟಿರುತ್ತದೆ. ಒಂದು ಸಲವಾದರೂ ಮಾತು ತಡವಾಗದಿರಲಿ ಎಂದುಕೊಂಡೆ.

"ಅಪ್ಪ, ನಿನ್ನ ನಡುಗೋ ಕೈ ಬೇಕಿತ್ತು."

ಅಮ್ಮನ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ರೇಡಿಯೋ ಅಜ್ಜಿ ಕೂಡ ಬಾಯಿ ಮುಚ್ಚಿಕೊಂಡರು. ಅಪ್ಪ ಪರದೆ ಬಿಟ್ಟ. ಕೈ ಅಭ್ಯಾಸದಂತೆ ಜೇಬಿನ ಕಡೆ ಹೊರಟಿತು. ಅವನು ನನ್ನನ್ನೇ ನೋಡುತ್ತಿದ್ದ. ನಾನು ತಮಾಷೆ ಮಾಡುತ್ತಿದ್ದೇನೋ, ಕನಿಕರ ತೋರಿಸುತ್ತಿದ್ದೇನೋ ಎಂದು ಹುಡುಕುತ್ತಿದ್ದ ಹಾಗಿತ್ತು. ಎರಡೂ ಅಲ್ಲ. ನನಗೆ ಬೇಕಾಗಿತ್ತು, ಅಷ್ಟೆ. ತೊಟ್ಟಿಯ ಮೇಲಿನ ಪೇಪರು ಎತ್ತಿಟ್ಟು, ಮರಳು ಬೆರೆಸಿದ ಬೀಜದ ಬಟ್ಟಲನ್ನು ಮುಂದೆ ಚಾಚಿದೆ. ನನ್ನ ಕೈಯೂ ನಡುಗುತ್ತಿತ್ತು.

"ಮಗಳಿಗೂ ಅಪ್ಪನ ಕೈಯೇ ಬಂದಿದೆ ನೋಡಿ" ಎಂದಳು ಅಮ್ಮ ಮೆಲ್ಲಗೆ.

ಅಪ್ಪ ಹೊಸ್ತಿಲು ದಾಟಿ ಬಂದ. ಗೋಣಿಚೀಲದ ಮೇಲೆ ಮಂಡಿಯೂರಿದ. ಹಿಡಿ ತುಂಬಿಕೊಂಡು ಎಡಗೈಯನ್ನು ಮಣಿಕಟ್ಟಿಗೆ ತಂದ, ಗಟ್ಟಿಯಾಗಿ ಹಿಡಿಯಲು.

"ಹಿಡೀಬೇಡಪ್ಪ. ಬಿಟ್ಟುಬಿಡು."

ಬಿಟ್ಟ. ತೊಟ್ಟಿಯ ಮೇಲೆ ಕೈ ಚಾಚಿ ಬೆರಳ ಸಂದು ಸಡಿಲಿಸಿದ. ಕೈ ನಡುಗಿತು, ಕೈ ತನ್ನ ಪಾಡಿಗೆ ನಡುಗುತ್ತಲೇ ಇತ್ತು, ಮತ್ತು ಬೀಜ ಮರಳಿನೊಡನೆ ಬಿದ್ದವು. ಸದ್ದಿಲ್ಲದೆ, ಒಂದರ ಪಕ್ಕ ಒಂದು, ಯಾರೋ ಅಳೆದು ಜಾಗ ಕೊಟ್ಟ ಹಾಗೆ. ಆ ತುದಿಯಿಂದ ಈ ತುದಿಗೆ ಕೈ ಬಂತು. ಎಲ್ಲೂ ಗುಡ್ಡೆಯಿಲ್ಲ, ಎಲ್ಲೂ ಖಾಲಿಯಿಲ್ಲ.

"ಅಯ್ಯೋ ನನ್ನಪ್ಪ!" ಎಂದರು ಅಜ್ಜಿ. "ಅರವತ್ತು ವರ್ಷದಿಂದ ಬಿತ್ತಿದ್ದೀನಿ, ಹೀಗೆ ಬಿದ್ದದ್ದು ನೋಡಿಲ್ಲ. ಎಲ್ಲಿ ಬಚ್ಚಿಟ್ಕೊಂಡಿದ್ದೆ ವಾಚಣ್ಣ ಈ ಕೈನಾ?"

"ಜೇಬಲ್ಲಿ" ಎಂದ ಅಪ್ಪ.

ಮೊದಲು ನಕ್ಕವಳು ಅಮ್ಮ. ನಗುತ್ತ ನಗುತ್ತ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಒಳಗೆ ಹೋಗಿ ಆಸ್ಪತ್ರೆಯ ಮುದ್ರೆಯಿದ್ದ ಹರಕು ಬಟ್ಟೆಯೊಂದನ್ನು ಒದ್ದೆ ಮಾಡಿ ತಂದು ತೊಟ್ಟಿಗೆ ಹೊದಿಸಿದಳು.

"ರೀ, ಕೇಳಿಸ್ಕೊಳ್ಳಿ. ಇದು ಐಸಿಯು. ಬೆಳಿಗ್ಗೆ ಸಂಜೆ ನೀರು ಚಿಮುಕಿಸೋದು ಬಿಟ್ರೆ ಡಾಕ್ಟರು ಬಟ್ಟೆ ಎತ್ತಿ ನೋಡೋ ಹಾಗಿಲ್ಲ."

ಡಾಕ್ಟರು ನೋಡಲಿಲ್ಲ. ಅದು ಅವನಿಗೆ ಎಷ್ಟು ಕಷ್ಟವಾಯಿತು ಎಂಬುದನ್ನು ನಾನು ಬಲ್ಲೆ. ಸೋಮವಾರ ಬಾಲ್ಕನಿಗೆ ಕುರ್ಚಿ ಹಾಕಿಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ನಾನು ಆಫೀಸಿನಿಂದ ಬಂದಾಗಲೂ ಹಾಗೇ ಇದ್ದ. "ಒಂದ್ಸಲ ಮೂಲೆ ಎತ್ತಿ ನೋಡ್ಲಾ?" ಎಂದ. "ಬೇಡಪ್ಪ" ಎಂದೆ. "ಒಳಗೆ ಓಡ್ತಿದೆಯೋ ಇಲ್ವೋ ಹೇಗೆ ಗೊತ್ತಾಗುತ್ತೆ?" ಎಂದ. ಗೊತ್ತಾಗುವುದಿಲ್ಲ ಎಂದೆ. ನಾವು ನೋಡದಿದ್ದಾಗಲೂ ಓಡುತ್ತದೆ ಎಂದು ನಂಬಿ ಕೂರುವುದಷ್ಟೇ ನಮ್ಮ ಕೆಲಸ ಎಂದೂ ಹೇಳಿದೆ. ಹೇಳಿಬಿಟ್ಟೆನಲ್ಲ ಎಂದು ನನಗೇ ಆಶ್ಚರ್ಯವಾಯಿತು. ಡೈರಿಗೆ ಹೋಗಬೇಕಾದ ಮಾತು ಬಾಯಿಂದಲೇ ಬಂದಿತ್ತು. ಅಪ್ಪ ತಲೆಯಾಡಿಸಿದ. ನಾನು ಇನ್ನೊಂದು ಕುರ್ಚಿ ತಂದೆ. ಎರಡು ಕುರ್ಚಿ ಹಾಕಿದರೆ ಬಾಲ್ಕನಿಯಲ್ಲಿ ಕಾಲಿಡಲೂ ಜಾಗವಿಲ್ಲ. ಮಾತಿಲ್ಲದೆ ಕೂತೆವು. ಹಿಂದೆಯೂ ಎಷ್ಟೋ ದಿನ ಹಾಗೆ ಕೂತಿದ್ದೆವು. ಆದರೆ ಅಂದಿನ ಮೌನ ಏನನ್ನೂ ಮುಚ್ಚಿಡುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಬಟ್ಟೆ ತಾನಾಗಿ ಒಂದೆರಡು ಕಡೆ ಉಬ್ಬಿತ್ತು. ಎತ್ತುವ ಕೆಲಸ ಅಪ್ಪನಿಗೇ ಕೊಟ್ಟೆವು. ತೊಟ್ಟಿಯ ತುಂಬ, ಅಂಚಿನಿಂದ ಅಂಚಿಗೆ, ನಸುಗೆಂಪು ಕಾಂಡಗಳು, ಪ್ರತಿಯೊಂದರ ತಲೆಯ ಮೇಲೆ ಎರಡು ಎಲೆ. ಎಷ್ಟು ಸಣ್ಣವೆಂದರೆ ಉಸಿರು ತಾಕಿದರೆ ಬಾಗುತ್ತಿದ್ದವು. ಅಪ್ಪ ಭೂತಗನ್ನಡಿ ತಂದು ಕಣ್ಣಿಗೆ ಸಿಕ್ಕಿಸಿಕೊಂಡು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. "ಯಾರೂ ಕೀಲಿ ಕೊಟ್ಟಿಲ್ಲ ಕಣೇ ಇದಕ್ಕೆ" ಎಂದ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಅದನ್ನೇ ಅಂದ.

ಕೈ ಮುಗಿದರೆ ಏನು ಹೇಳಬೇಕು ಎಂಬ ನನ್ನ ಹಳೆಯ ತೊಡಕು ಆ ಬೆಳಿಗ್ಗೆ ಕಾಡಲಿಲ್ಲ. ಅಷ್ಟೂ ಎಲೆಗಳ ಮುಂದೆ ನಿಂತು ಸುಮ್ಮನೆ ಕೃತಜ್ಞತೆ ಹೇಳಿದೆ. ಕೇಳಬೇಕಾದವರು ಕೇಳಿಸಿಕೊಂಡಿರುತ್ತಾರೆ.

ಅಂದೇ ಅಜ್ಜಿ ಕೆಳಗಿನಿಂದ ಕೂಗಿದರು, ತಮ್ಮ ಹಿತ್ತಲ ಪಟ್ಟಿಗೂ ಆ ಕೈ ಬೇಕೆಂದು. ಸುದ್ದಿಯನ್ನು ಅವರು ಆಗಲೇ ಅರ್ಧ ಬೀದಿಗೆ ಹಂಚಿಯಾಗಿತ್ತು. ಅಪ್ಪ ಸ್ವೆಟರನ್ನು ಕುರ್ಚಿಯ ಮೇಲೆ ಬಿಟ್ಟು ಬರಿ ಅಂಗಿಯಲ್ಲಿ ಮೆಟ್ಟಿಲಿಳಿದ. ಆ ಅಂಗಿಗೆ ಜೇಬೇ ಇರಲಿಲ್ಲ. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಪಕ್ಕದ ಮನೆಯವರು ಕಾಂಪೌಂಡಿನಾಚೆ ನಿಂತು, "ಏನ್ ವಾಚಣ್ಣ, ಅಂಗಡಿ ಯಾವಾಗ ತೆಗೆಯೋದು?" ಎಂದು ಕೇಳಿದ್ದೂ ಕೇಳಿಸಿತು.

"ಅಂಗಡಿ ಮುಗೀತಪ್ಪ. ಕೈ ನಡುಗುತ್ತೆ" ಎಂದ ಅಪ್ಪ, ಬೀಜ ಚೆಲ್ಲುತ್ತಲೇ. "ನೋಡು, ಹೀಗೆ."

ಶನಿವಾರ ಬೆಳಿಗ್ಗೆ ದೊಡ್ಡಪ್ಪನ ಫೋನು ಬಂತು. ಅವರದು ಎತ್ತರದ ಗಂಟಲು, ಅಪ್ಪನ ಕಿವಿಯಿಂದ ಮಾತು ಹಾಲ್ ತುಂಬ ಚೆಲ್ಲುತ್ತಿತ್ತು. ನಾಳೆ ಸ್ಟೇಷನ್ನಿಗೆ ತಾನೇ ಬರುತ್ತೇನೆ, ರೂಮಿಗೆ ಹೊಸ ಬಲ್ಬು ಹಾಕಿಸಿದ್ದೇನೆ ಎನ್ನುತ್ತಿದ್ದರು. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ತಟ್ಟನೆ ನಿಂತಿತು.

"ಅಣ್ಣ, ನಾಳೆ ಆಗಲ್ಲ" ಎಂದ ಅಪ್ಪ. "ಬೀಜ ಹಾಕಿದ್ದೀನಿ."

"ಏನು ಹಾಕಿದ್ದೀಯ?"

"ಬೀಜ. ದಂಟಿನ ಬೀಜ."

"ಅದಕ್ಕೆ ನೀನ್ಯಾಕೋ? ನೀರು ಹಾಕೋಕೆ ಮನೇಲಿ ಇಬ್ಬರಿಲ್ವಾ?"

"ನೀರು ಹಾಕೋಕೆ ಇದ್ದಾರೆ. ಬಿತ್ತೋಕೆ ಇಲ್ಲ. ಹದಿನೈದು ದಿನಕ್ಕೊಂದ್ಸಲ ಹೊಸದಾಗಿ ಬಿತ್ತುತ್ತಾ ಇರಬೇಕಂತೆ. ಕೆಳಗಿನ ಅಜ್ಜಿಯ ಪಟ್ಟಿಗೂ ನಾನೇ. ಇವರಿಬ್ಬರ ಕೈಗೂ ಬರಲ್ಲಣ್ಣ ಅದು."

"ಹಾಗಾದ್ರೆ ಮುಂದಿನ ತಿಂಗಳು ಬರ್ತೀಯೋ?"

ಅಪ್ಪ ಬೆರಳು ಮಡಚಿ ಎಣಿಸಿದ. "ಆಗಲೂ ಬಿತ್ತೋದಿರುತ್ತೆ" ಎಂದ. "ಅದರ ಮುಂದಿನ ತಿಂಗಳೂ ಇರುತ್ತೆ."

ಅಷ್ಟರಲ್ಲಿ ಅಮ್ಮ ಒದ್ದೆ ಕೈಯಲ್ಲೇ ಬಂದು ಫೋನು ಕಿತ್ತುಕೊಂಡಳು. ಆ ಕಡೆಯಿಂದ ದೊಡ್ಡಪ್ಪ, ಬಲ್ಬು ಹಾಕಿಸಿದ ರೂಮನ್ನು ತಾನೀಗ ಏನು ಮಾಡಬೇಕು ಎಂದು ಕೇಳುತ್ತಿದ್ದರು.

"ಅಲ್ಲೂ ಒಂದು ತೊಟ್ಟಿ ಇಡಿ ಭಾವ" ಎಂದಳು ಅಮ್ಮ. "ಎರಡು ದಿನದ ಮಟ್ಟಿಗೆ ನಡುಗೋ ಕೈ ಕಳಿಸ್ಕೊಡ್ತೀವಿ. ಬಿತ್ತಿದ ಮೇಲೆ ವಾಪಸ್ ಕಳಿಸಿ, ಇಲ್ಲಿ ಬೇಕು."

ಅಪ್ಪ ಬಾಗಿಲಿಗೆ ಒರಗಿ ನಿಂತು, ಭುಜ ಅಲುಗುವಂತೆ ನಗುತ್ತಿದ್ದ.